ಕೈಯಲ್ಲಿರುವ ಗ್ರಂಥ, ಕೈಯಲ್ಲಿರುವ ಗಾನ

ಗ್ರಂಥವೆಂದರೆ ಅದರೊಳಗಿನ ಮಾತೇ ಹೊರತು ಕಾಗದವಲ್ಲ. ಗಾನವೆಂದರೆ ನಾದವೇ ಹೊರತು ಅದನ್ನು ಹೊತ್ತ ತಟ್ಟೆಯಲ್ಲ. ಮೇಲುನೋಟಕ್ಕೆ ಈ ಮಾತು ನಿರ್ವಿವಾದವಾಗಿ ತೋರುತ್ತದೆ. ಅಂಗೈಯಗಲದ ಮೊಬೈಲಿನಲ್ಲಿ ಸಾವಿರಾರು ಗ್ರಂಥಗಳೂ ಲಕ್ಷಾಂತರ ಹಾಡುಗಳೂ ದೊರೆಯುವ ಈ ಕಾಲದಲ್ಲಿ, ಪುಸ್ತಕಗಳನ್ನೂ ಧ್ವನಿಮುದ್ರಿಕೆಗಳನ್ನೂ ಕಪಾಟಿನಲ್ಲಿ ಕೂಡಿಡುವವರು ಹಳೆಯದಕ್ಕೆ ಜೋತುಬಿದ್ದವರೆಂದು ಹಲವರು ಭಾವಿಸುವುದು ಸಹಜ. ಆದರೂ ಅಂತಹವರು ಕಡಮೆಯಾಗಿಲ್ಲ. ಅಮೆರಿಕದಲ್ಲಿ 2022ರಲ್ಲಿ ಸುಮಾರು 4 ಕೋಟಿ 10 ಲಕ್ಷ ವಿನೈಲ್ ಧ್ವನಿಮುದ್ರಿಕೆಗಳು ಮಾರಾಟವಾದವು, ಸಿ.ಡಿ.ಗಳು ಸುಮಾರು 3 ಕೋಟಿ 30 ಲಕ್ಷ. 1987ರ ತರುವಾಯ ತಟ್ಟೆಗಳು ಸಂಖ್ಯೆಯಲ್ಲಿ ಸಿ.ಡಿ.ಗಳನ್ನು ಮೀರಿದ್ದು ಅದೇ ಮೊದಲು. ಬೆರಳ ತುದಿಯಲ್ಲಿ ಹಾಡು ದೊರೆಯುವ ನಾಡಿನಲ್ಲಿಯೇ ಹೀಗಾಗಿರುವಾಗ, ಇದು ಬರಿಯ ಮೋಹವೇ, ಇಲ್ಲವೆ ಇದರಲ್ಲಿ ವಿವೇಕವೂ ಉಂಟೇ ಎಂಬುದು ವಿಚಾರಾರ್ಹವಾದುದು. ಓಲೆಯ ಕಟ್ಟುಗಳಲ್ಲಿ ಉಳಿದು ಬಂದ ವಚನ ವಾಙ್ಮಯದ ಅಭ್ಯಾಸಿಗಳಿಗಂತೂ ಈ ಪ್ರಶ್ನೆ ಹೊರಗಿನದಲ್ಲ.

ನಾದದ ವಿಚಾರ

ಮೊದಲಿಗೆ ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಿಕೊಳ್ಳಬೇಕು. ತಟ್ಟೆಯ ಧ್ವನಿಯೇ ನಿಜವಾದುದು, ಡಿಜಿಟಲ್ ಧ್ವನಿ ಕೃತಕವಾದುದು ಎಂದು ಕೆಲವರು ವಾದಿಸುವರು. ಈ ವಾದ ನಿಲ್ಲುವಂತಹುದಲ್ಲ. 1982ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ.ಯಲ್ಲಿ ಧ್ವನಿಯನ್ನು ಸೆಕೆಂಡಿಗೆ 44,100 ಸಲ ಅಳೆದು ಅಂಕೆಗಳಲ್ಲಿ ಬರೆದಿಡುತ್ತಾರೆ. ಮನುಷ್ಯನ ಕಿವಿಗೆ ಕೇಳಿಸುವ ಕಂಪನಗಳೆಲ್ಲವನ್ನೂ ಹಿಡಿದಿಡಲು ಅಷ್ಟು ಸಾಕು. ತಟ್ಟೆಯಾದರೋ ಮುಳ್ಳು ಹಾಯ್ದಷ್ಟು ಸಲವೂ ಸವೆಯುತ್ತದೆ, ಧೂಳು ಕೂತರೆ ಸದ್ದು ಮಾಡುತ್ತದೆ. ಆದುದರಿಂದ ತಟ್ಟೆಯ ಹಿರಿಮೆಯನ್ನು ಬೇರೆಡೆ ಅರಸಬೇಕು.

ಅದಿರುವುದು ಕೇಳುವ ಕ್ರಮದಲ್ಲಿ. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅವರ ಗಾಯನ ಮುದ್ರಣಗೊಂಡ ಕಾಲದಿಂದ ಮೊದಲುಗೊಂಡು, ನಿಮಿಷಕ್ಕೆ 78 ಸುತ್ತು ತಿರುಗುವ ಅರಗಿನ ತಟ್ಟೆಗಳು ಅರ್ಧ ಶತಮಾನದವರೆಗೆ ಮೆರೆದವು. ಹತ್ತು ಅಂಗುಲದ ತಟ್ಟೆಯ ಒಂದು ಮಗ್ಗುಲಿಗೆ ಸುಮಾರು ಮೂರು ನಿಮಿಷ. ಗಂಟೆಗಟ್ಟಲೆ ರಾಗ ಬೆಳೆಸಬಲ್ಲ ಗಾಯಕನು ಆ ಮೂರು ನಿಮಿಷಗಳಲ್ಲಿ ಅದರ ಸಾರವನ್ನಿಳಿಸಬೇಕು. ಕೇಳುವವನು ಎದ್ದು ಹೋಗಿ ಮಗ್ಗುಲು ಬದಲಿಸಬೇಕು. 1948ರಲ್ಲಿ ಬಂದ ದೀರ್ಘಾವಧಿ ತಟ್ಟೆಯಲ್ಲಿ ಈ ಅವಧಿ ಇಪ್ಪತ್ತು ನಿಮಿಷಗಳಿಗೂ ಮಿಕ್ಕಿತು. ಆದರೂ ಆರಿಸಿಕೊಂಡು, ಕುಳಿತು, ಮುಗಿಯುವವರೆಗೆ ಕೇಳುವ ಕ್ರಮ ಉಳಿಯಿತು. ಇಂದು ಹಾಡು ತಾನಾಗಿ ಹರಿದು ಬರುತ್ತದೆ, ಒಂದು ಮುಗಿಯುವ ಮೊದಲೇ ಇನ್ನೊಂದನ್ನು ಬಯಸಲು ಅವಕಾಶವಿರುತ್ತದೆ. 1910ರಲ್ಲಿ ಹುಟ್ಟಿ 1992ರಲ್ಲಿ ಲಿಂಗೈಕ್ಯರಾದ ಮಲ್ಲಿಕಾರ್ಜುನ ಮನ್ಸೂರರು ಹಿಂದುಸ್ತಾನಿ ರಾಗಗಳಲ್ಲಿ ಹಾಡಿದ ವಚನಗಳನ್ನು ಕೇಳುವವರಿಗೆ ಈ ವ್ಯತ್ಯಾಸ ಬೇಗ ತಿಳಿಯುತ್ತದೆ. ಅಲ್ಲಿ ಒಂದೊಂದು ಪದವೂ ಸ್ವರದಲ್ಲಿ ತಂಗಿ ಅರ್ಥ ಬಿಡುತ್ತದೆ. ಅದನ್ನು ಬೇರೆ ಕೆಲಸದ ನಡುವೆ ಕೇಳಿ ದಕ್ಕಿಸಿಕೊಳ್ಳುವುದು ಕಷ್ಟ. ತಟ್ಟೆಯ ಕವಚದಲ್ಲಿ ರಾಗ, ತಾಳ, ತಬಲ ಮತ್ತು ಹಾರ್ಮೋನಿಯಂ ನುಡಿಸಿದವರ ಹೆಸರುಗಳನ್ನು ಅಚ್ಚು ಹಾಕುವ ರೂಢಿಯಿತ್ತು; ಹಾಡು ಮೊಬೈಲಿಗೆ ಬರುವಷ್ಟರಲ್ಲಿ ಅವು ಅನೇಕ ವೇಳೆ ಕಳಚಿ ಹೋಗಿರುತ್ತವೆ.

ಓದಿನಲ್ಲಿಯೂ ಇಂತಹುದೇ ಅಂತರವನ್ನು ಸಂಶೋಧಕರು ಗುರುತಿಸಿರುವರು. 2000ದಿಂದ 2017ರವರೆಗೆ ನಡೆದ 54 ಅಧ್ಯಯನಗಳನ್ನು ಒಟ್ಟುಗೂಡಿಸಿ 2018ರಲ್ಲಿ ಪ್ರಕಟಿಸಿದ ಪರಿಶೀಲನೆಯ ಪ್ರಕಾರ, ಮಾಹಿತಿಪ್ರಧಾನವಾದ ಬರಹವನ್ನು ಪರದೆಗಿಂತ ಕಾಗದದ ಮೇಲೆ ಓದಿದವರಲ್ಲಿ ಗ್ರಹಿಕೆ ತುಸು ಹೆಚ್ಚು. ಕಥೆಗಳ ವಿಷಯದಲ್ಲಿ ಅಂತಹ ವ್ಯತ್ಯಾಸ ಕಂಡುಬರಲಿಲ್ಲ. ಅಂತರ ಸಣ್ಣದು, ಆದರೆ ನಿಂತು ನಿಂತು ಓದಬೇಕಾದ ಶಾಸ್ತ್ರಗ್ರಂಥದಲ್ಲಿ ಸಣ್ಣ ಅಂತರವೂ ಗಣನೀಯವೇ.

ಸ್ವಾಮ್ಯ ಮತ್ತು ಅನುಮತಿ

ಇದಕ್ಕಿಂತ ಮುಖ್ಯವಾದುದು ಒಡೆತನದ ವಿಚಾರ. ಅಂಗಡಿಯಲ್ಲಿ ಕೊಂಡ ಪುಸ್ತಕವನ್ನು ಓದುಗನು ನೆರೆಯವನಿಗೆ ಕಡ ಕೊಡಬಹುದು, ಮಗಳಿಗೆ ಉಡುಗೊರೆಯಾಗಿ ನೀಡಬಹುದು, ಮಠದ ಗ್ರಂಥಭಂಡಾರಕ್ಕೆ ಅರ್ಪಿಸಬಹುದು. ಭಾರತದ 1957ರ ಕೃತಿಸ್ವಾಮ್ಯ ಕಾಯಿದೆಯೂ ಒಮ್ಮೆ ಚಲಾವಣೆಗೆ ಬಂದ ಪ್ರತಿಯನ್ನು ಪ್ರಕಾಶಕನ ಹಿಡಿತದಿಂದ ಬಿಟ್ಟುಕೊಡುತ್ತದೆ. ಇ-ಪುಸ್ತಕದ ಸ್ಥಿತಿ ಹಾಗಲ್ಲ. ‘ಕೊಳ್ಳಿರಿ’ ಎಂಬ ಗುಂಡಿಯನ್ನೊತ್ತಿ ಬೆಲೆ ತೆತ್ತರೂ, ಹೆಚ್ಚಿನ ಸಂದರ್ಭಗಳಲ್ಲಿ ದೊರೆಯುವುದು ಓದುವ ಅನುಮತಿ ಮಾತ್ರ. ಇದನ್ನು ಗ್ರಾಹಕರಿಗೆ ಸ್ಪಷ್ಟವಾಗಿ ತಿಳಿಸಲೇಬೇಕೆಂದು ಕ್ಯಾಲಿಫೋರ್ನಿಯ ರಾಜ್ಯವು 2024ರಲ್ಲಿ ಕಾನೂನು ಮಾಡಬೇಕಾಯಿತು.

ಅನುಮತಿಗೂ ಒಡೆತನಕ್ಕೂ ಇರುವ ಭೇದ ಕೆಲವು ಘಟನೆಗಳಲ್ಲಿ ಬಯಲಾಯಿತು. 2009ರ ಜುಲೈಯಲ್ಲಿ ಅಮೆಜಾನ್ ಸಂಸ್ಥೆಯು, ಹಕ್ಕಿಲ್ಲದವರು ಮಾರಾಟಕ್ಕಿಟ್ಟಿದ್ದರೆಂಬ ಕಾರಣದಿಂದ, ಜಾರ್ಜ್ ಆರ್ವೆಲ್ಲನ ಎರಡು ಕಾದಂಬರಿಗಳನ್ನು ಗ್ರಾಹಕರ ಸಾಧನಗಳಿಂದಲೇ ಅಳಿಸಿಹಾಕಿತು. ಹಣವನ್ನು ಹಿಂದಿರುಗಿಸಿ, ಬಳಿಕ ಕ್ಷಮೆಯನ್ನೂ ಯಾಚಿಸಿತು. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕದಂಗಡಿಯನ್ನು ಮುಚ್ಚಿದಾಗ, ಕೊಂಡಿದ್ದ ಪುಸ್ತಕಗಳೆಲ್ಲ ಓದುಗರ ಕೈತಪ್ಪಿದವು. ಬೆಲೆ ಹಿಂದಕ್ಕೆ ಬಂದಿತು. ಅಂಚಿನಲ್ಲಿ ಟಿಪ್ಪಣಿ ಬರೆದುಕೊಂಡಿದ್ದವರಿಗೆ 25 ಡಾಲರುಗಳು ಹೆಚ್ಚಾಗಿ ಬಂದವು. ಟಿಪ್ಪಣಿಗಳು ಮಾತ್ರ ಬರಲಿಲ್ಲ. ಅದೇ ವರ್ಷ ಮೈಸ್ಪೇಸ್ ಎಂಬ ಜಾಲತಾಣವು, 2003ರಿಂದ 2015ರವರೆಗೆ ಜನರು ತನ್ನಲ್ಲಿ ಇರಿಸಿದ್ದ ಸಂಗೀತವೆಲ್ಲ ಯಂತ್ರ ಬದಲಾಯಿಸುವಾಗ ನಷ್ಟವಾಯಿತೆಂದು ಒಪ್ಪಿಕೊಂಡಿತು. ಅಳಿದ ಹಾಡುಗಳು 5 ಕೋಟಿಗೂ ಮೇಲೆಂದು ವರದಿಯಾಯಿತು. ಯಾರೂ ದುರುದ್ದೇಶದಿಂದ ಇವನ್ನು ಮಾಡಿದುದಲ್ಲ. ಒಂದೇ ಕಡೆ ಕೂಡಿಟ್ಟುದು ಒಂದೇ ಸಲಕ್ಕೆ ಹೋಗುತ್ತದೆ, ಅಷ್ಟೆ.

ಪಾಠದ ಸ್ಥಿರತೆಯೂ ಇದಕ್ಕೆ ಹೊಂದಿಕೊಂಡಿದೆ. 2023ರಲ್ಲಿ ರೋಲ್ಡ್ ಡಾಲ್ ಎಂಬ ಲೇಖಕನ ಮಕ್ಕಳ ಕಥೆಗಳ ಮಾತುಗಳನ್ನು ಪ್ರಕಾಶಕರು ತಿದ್ದಿದಾಗ, ಮೊದಲೇ ಕೊಂಡಿದ್ದವರ ಇ-ಪುಸ್ತಕಗಳಲ್ಲಿಯೂ ಮಾತುಗಳು ತಾವಾಗಿ ಬದಲಾದುದು ವರದಿಯಾಯಿತು. ಅಚ್ಚಾಗಿ ಮನೆಯಲ್ಲಿದ್ದ ಪ್ರತಿಯನ್ನು ಯಾರೂ ಹೀಗೆ ತಿದ್ದಲಾರರು. ಮುದ್ರಣದ ವರ್ಷ, ಆವೃತ್ತಿ, ಪುಟ ಇವುಗಳನ್ನು ಹೇಳಿ ಮಾತನಾಡಬೇಕಾದ ಸಾಹಿತ್ಯ ವಿದ್ಯಾರ್ಥಿಗೆ ಇದು ಸಾಮಾನ್ಯ ಸಂಗತಿಯಲ್ಲ.

ವಚನಗಳು ಉಳಿದ ಬಗೆ

ಪ್ರತಿಗಳು ಹಲವರ ಕೈಯಲ್ಲಿರುವುದರ ಬೆಲೆಯೇನೆಂಬುದನ್ನು ವಚನ ವಾಙ್ಮಯದ ಇತಿಹಾಸವೇ ಸಾರುತ್ತದೆ. ಕಲ್ಯಾಣದಲ್ಲಿ ವಚನಗಳ ಕಟ್ಟುಗಳನ್ನು ಕಾಯುತ್ತಿದ್ದವನು ವಚನಭಂಡಾರಿ ಶಾಂತರಸನೆಂಬುದು ಸಂಪ್ರದಾಯ. 12ನೆಯ ಶತಮಾನದ ಕ್ಷೋಭೆಯಲ್ಲಿ ಶರಣರು ಚದುರಿದಾಗ ಓಲೆಗಳೂ ಅವರೊಡನೆ ನಡೆದವು. 15ನೆಯ ಶತಮಾನದಲ್ಲಿ, ಪ್ರೌಢದೇವರಾಯನ ಕಾಲದಿಂದ ಮೊದಲುಗೊಂಡು, ವಿರಕ್ತರು ಅವನ್ನು ಅರಸಿ, ಕೂಡಿಸಿ, ಸ್ಥಲಕ್ರಮದಲ್ಲಿ ಜೋಡಿಸಿದರು. ಬಳಿಕ ಅವು ಮಠಗಳಲ್ಲಿಯೂ ಭಕ್ತರ ಮನೆಗಳಲ್ಲಿಯೂ, ಜಗುಲಿಯ ಮೇಲೆ ಪೂಜೆಗೊಳ್ಳುತ್ತಲೋ ಅಟ್ಟದ ಮೇಲೆ ಮರೆತುಹೋಗಿಯೋ ಉಳಿದವು. ಲಿಪಿಕಾರನು ಕಡೆಯಲ್ಲಿ ತನ್ನ ಹೆಸರನ್ನೂ ಬರೆದು ಮುಗಿಸಿದ ದಿನವನ್ನೂ ನಮೂದಿಸಿ, ತಪ್ಪಿದ್ದಲ್ಲಿ ತಿದ್ದಿಕೊಳ್ಳಬೇಕೆಂದು ಬೇಡಿಕೊಳ್ಳುವುದು ರೂಢಿಯಾಗಿತ್ತು.

ವಿಜಾಪುರದಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು (1880–1964) ಮನೆ ಮನೆ ತಿರುಗಿ ಇಂತಹ ಕಟ್ಟುಗಳನ್ನು ಸಂಗ್ರಹಿಸಿದರು. 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದರು, 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ಅವರು ಬಾಗಿಲಿಗೆ ಬಂದಾಗ ಕಟ್ಟನ್ನು ತೆಗೆದುಕೊಟ್ಟ ಮನೆಗಳಿರದಿದ್ದರೆ ಆ ಶ್ರಮಕ್ಕೆ ಆಧಾರವೇ ಇರುತ್ತಿರಲಿಲ್ಲ. ಒಂದು ಪ್ರತಿ ಗೆದ್ದಲಿಗೆ ತುತ್ತಾದರೆ ಇನ್ನೊಂದು ಉಳಿದಿತ್ತು. ಒಂದರಲ್ಲಿ ಅಕ್ಷರ ಜಾರಿದ್ದರೆ ಇನ್ನೊಂದು ಅದನ್ನು ತೋರಿಸಿಕೊಟ್ಟಿತು. ಪಾಠಾಂತರಗಳನ್ನು ತೂಗಿ ನೋಡುವ ಗ್ರಂಥಸಂಪಾದನೆಯೆಂಬ ಶಾಸ್ತ್ರವು ನಿಂತಿರುವುದು ಈ ಬಹುತ್ವದ ಮೇಲೆಯೇ. 1993ರಲ್ಲಿ ಕರ್ನಾಟಕ ಸರ್ಕಾರವು 15 ಸಂಪುಟಗಳಲ್ಲಿ ಪ್ರಕಟಿಸಿದ ‘ಸಮಗ್ರ ವಚನ ಸಂಪುಟ’ದ ಬೇರು ಕೂಡ ಆ ಅಟ್ಟಗಳಲ್ಲಿದೆ.

ಒಂದು ಆಕ್ಷೇಪ

ಇಲ್ಲಿ ಆಕ್ಷೇಪವೊಂದು ಏಳುತ್ತದೆ. ಶರಣರು ಸ್ಥಾವರಕ್ಕಿಂತ ಜಂಗಮವನ್ನು ಹಿರಿದೆಂದವರು. ಅವರ ಮಾತನ್ನೋದುವವರು ಕಾಗದಕ್ಕೂ ತಟ್ಟೆಗೂ ಅಂಟಿಕೊಳ್ಳುವುದು ಉಚಿತವೇ? ವಸ್ತುವಿನ ಸಂಗ್ರಹವೇ ಗುರಿಯಾದರೆ ಅದು ಖಂಡಿತವಾಗಿ ಅನುಚಿತ. ಓದದ ಪುಸ್ತಕಗಳನ್ನು ಗಾಜಿನ ಕಪಾಟಿನಲ್ಲಿ ಮೆರೆಸುವವನು ಸಿರಿವಂತಿಕೆಯನ್ನು ತೋರುತ್ತಾನೆಯೇ ಹೊರತು ಅರಿವನ್ನಲ್ಲ. ಆದರೆ ಚಲನೆಯ ದೃಷ್ಟಿಯಿಂದ ನೋಡಿದರೆ, ಕೈಯಿಂದ ಕೈಗೆ, ತಂದೆಯಿಂದ ಮಗನಿಗೆ, ಊರಿಂದೂರಿಗೆ ಯಾರ ಅಪ್ಪಣೆಯೂ ಇಲ್ಲದೆ ನಡೆಯಬಲ್ಲ ಪುಸ್ತಕವೇ ಜಂಗಮ. ಎಲ್ಲೆಡೆಯೂ ಸುಳಿದಾಡುವಂತೆ ತೋರಿದರೂ, ಒಬ್ಬ ಒಡೆಯನ ಉಗ್ರಾಣದಲ್ಲಿ ನೆಟ್ಟು ನಿಂತು, ನೆರೆಯವನಿಗೆ ಕೊಡಲು ಬಾರದ ಪ್ರತಿಯೇ ಸ್ಥಾವರ.

ಹಾಗೆಂದು ಡಿಜಿಟಲ್ ಸಾಧನವನ್ನು ಹಳಿಯುವುದು ಸಲ್ಲದು. ಒಂದು ಪದವು ಯಾವ ಯಾವ ಶರಣರ ವಚನಗಳಲ್ಲಿ ಬಂದಿದೆಯೆಂದು ಹುಡುಕಲು ಹಿಂದೆ ತಿಂಗಳುಗಳೇ ಬೇಕಾಗುತ್ತಿದ್ದವು. ‘ವಚನ ಸಂಚಯ’ದಂತಹ ಜಾಲತಾಣದಲ್ಲಿ ಅದು ಕ್ಷಣದ ಕೆಲಸ. ಕಣ್ಣು ಮಂಜಾದವರು ಅಕ್ಷರವನ್ನು ಹಿಗ್ಗಿಸಿಕೊಂಡು ಓದಬಹುದು. ದೂರದೇಶದಲ್ಲಿರುವ ಕನ್ನಡಿಗರಿಗೆ ಅನೇಕ ವೇಳೆ ಬೇರೆ ದಾರಿಯೇ ಇಲ್ಲ. ಶಿಥಿಲವಾದ ಓಲೆಯ ಛಾಯಾಪ್ರತಿ ತೆಗೆದಿಟ್ಟರೆ ಅದೂ ಒಂದು ಪ್ರತಿಯೇ. ಹುಡುಕಲು ಡಿಜಿಟಲ್ ಪ್ರತಿ, ನೆಲೆ ನಿಂತು ಓದಲು ಮತ್ತು ಮುಂದಿನವರಿಗೆ ದಾಟಿಸಲು ಕೈಯಲ್ಲಿರುವ ಪ್ರತಿ ಎಂದು ವಿಂಗಡಿಸಿಕೊಳ್ಳುವುದು ಯುಕ್ತ.

ಕರ್ತವ್ಯ

ಕೈಯಲ್ಲಿರುವುದು ತಾನಾಗಿ ಉಳಿಯುವುದಿಲ್ಲ. ಹಿಂದಿನವರು ಓಲೆಗೆ ನಿಂಬೆಹುಲ್ಲಿನ ಎಣ್ಣೆ ಸವರಿ, ಹಲಗೆಗಳ ನಡುವೆ ಬಿಗಿದು, ಬಟ್ಟೆಯಲ್ಲಿ ಸುತ್ತಿಡುತ್ತಿದ್ದರು. ಪುಸ್ತಕಗಳನ್ನು ಗೋಡೆಯ ತೇವದಿಂದ ದೂರವಿಟ್ಟು ಆಗಾಗ ತೆಗೆದು ಕೊಡವಬೇಕು. ಧ್ವನಿತಟ್ಟೆಗಳನ್ನು ಒಂದರ ಮೇಲೊಂದು ಪೇರಿಸದೆ, ಬಿಸಿಲು ತಾಗದಂತೆ ನೆಟ್ಟಗೆ ನಿಲ್ಲಿಸಬೇಕು. ಅರಗಿನ ಹಳೆಯ ತಟ್ಟೆಯನ್ನು ಸ್ಪಿರಿಟ್ಟಿನಿಂದ ಒರೆಸಿದರೆ ಅರಗೇ ಕರಗುತ್ತದೆ. ಪ್ರತಿಯಲ್ಲಿ ಕೊಂಡವರ ಹೆಸರನ್ನೂ ವರ್ಷವನ್ನೂ ಬರೆದಿಟ್ಟರೆ ಅದು ಮುಂದೆ ಆಧಾರವಾದೀತು.

ಹಿರಿಯರು ಗತಿಸಿದ ಮನೆಗಳಲ್ಲಿ ಪುಸ್ತಕಗಳೂ ತಟ್ಟೆಗಳೂ ರದ್ದಿಯ ಅಂಗಡಿಗೆ ಕಿಲೋ ಲೆಕ್ಕದಲ್ಲಿ ಹೋಗುವುದುಂಟು. ಎಲ್ಲವೂ ಅಂತರಜಾಲದಲ್ಲಿದೆಯೆಂಬ ನಂಬಿಕೆ ಅದಕ್ಕೆ ಈಗ ಸಮರ್ಥನೆಯಾಗಿ ದೊರೆತಿದೆ. ಊರಿನ ವೀರಶೈವ ಸಂಘದವರು ಮುದ್ರಿಸಿದ ನೂರು ಪುಟದ ವಚನಸಂಕಲನವೋ, ಯಾವುದೋ ಉತ್ಸವದಲ್ಲಿ ತುಂಬಿಕೊಂಡ ಧ್ವನಿಸುರುಳಿಯೋ ಅಲ್ಲಿ ಇರದಿರಲೂಬಹುದು. ಆದುದರಿಂದ ತೂಕಕ್ಕೆ ಹಾಕುವ ಮುನ್ನ ಬಲ್ಲವರೊಬ್ಬರಿಗೆ ತೋರಿಸಿ, ಬೇಡವಾದುದನ್ನು ಗ್ರಂಥಾಲಯಕ್ಕಾಗಲಿ ಓದುವ ಕಿರಿಯರಿಗಾಗಲಿ ಒಪ್ಪಿಸುವುದು ಒಳಿತು. ಹಳಕಟ್ಟಿಯವರಿಗೆ ಕಟ್ಟನ್ನು ತೆಗೆದುಕೊಟ್ಟ ಮನೆಯವರಲ್ಲಿ ಅದನ್ನು ಓದಬಲ್ಲವರು ಎಷ್ಟು ಮಂದಿಯಿದ್ದರೋ. ಅವರು ಅದನ್ನು ಎಸೆಯಲಿಲ್ಲವೆಂಬುದೇ ಅವರ ಸೇವೆ. ಅಷ್ಟು ಸೇವೆ ಇಂದಿನ ಎಲ್ಲ ಮನೆಗಳಿಗೂ ಸಾಧ್ಯವಿದೆ.