ನಲವತ್ತು ಎಕರೆಯ ಕಾಗದ

1841ರ ಅಕ್ಟೋಬರ್ 25. ಅಮೆರಿಕದ ಇಲಿನಾಯ್ ರಾಜ್ಯದ ಕೋಲ್ಸ್ ಕೌಂಟಿಯಲ್ಲಿ ಒಬ್ಬ ಅಪ್ಪ ತನ್ನ ಮಗನಿಗೆ ನಲವತ್ತು ಎಕರೆ ಹೊಲ ಮಾರಿದ. ಬೆಲೆ 200 ಡಾಲರ್. ಮಾರಿದವನು ಹೊಲ ಬಿಟ್ಟು ಕದಲಲಿಲ್ಲ, ಕೊಂಡವನು ಅಲ್ಲಿ ನೇಗಿಲು ಹೂಡಲಿಲ್ಲ. ಅಪ್ಪ ಥಾಮಸ್ ಲಿಂಕನ್, ಅರವತ್ತು ದಾಟಿದ ರೈತ, ಬಡಗಿ. ತನ್ನ ಹೆಸರು ಗೀಚುವಷ್ಟು ಮಾತ್ರ ಅಕ್ಷರ ಬಲ್ಲವನು. ಮಗ ಸ್ಪ್ರಿಂಗ್‌ಫೀಲ್ಡ್ ಊರಿನ ವಕೀಲ, ಮೂವತ್ತೆರಡು ವರ್ಷದ ಅಬ್ರಹಾಂ. ಇಬ್ಬರ ನಡುವೆ ಅಂಥ ಸಲುಗೆಯೇನೂ ಇರಲಿಲ್ಲ. ಅಪ್ಪನಿಗೆ ಹಣ ಸುಮ್ಮನೆ ಕೊಟ್ಟರೆ ದಾನ, ಕೈಗಡ ಕೊಟ್ಟರೆ ಸಾಲ. ಎರಡೂ ಬೇಡವೆಂದು ಕ್ರಯಪತ್ರ ಮಾಡಿಕೊಂಡಿರಬೇಕು ಎಂದು ನನಗನ್ನಿಸುತ್ತದೆ.

ಆ ಮನೆಯಲ್ಲಿ ಜಮೀನಿನ ಕಾಗದವೆಂದರೆ ಹಳೆಯ ಗಾಯ. ಥಾಮಸ್ 1808ರಲ್ಲಿ ಕೆಂಟಕಿಯಲ್ಲಿ ಸಿಂಕಿಂಗ್ ಸ್ಪ್ರಿಂಗ್ ಎಂಬ ಹೊಲವನ್ನು ಕೊಂಡಿದ್ದ. ಅದಕ್ಕೆ ತೆತ್ತದ್ದೂ 200 ಡಾಲರ್. ಅಬ್ರಹಾಂ ಹುಟ್ಟಿದ್ದು ಅಲ್ಲೇ. ಕೆಂಟಕಿಯಲ್ಲಿ ಆಗ ಜಮೀನಿನ ಚಕ್ಕುಬಂದಿ ಹೇಳುತ್ತಿದ್ದದ್ದು ಮರ, ಬಂಡೆ, ತೊರೆಗಳ ಗುರುತಿನಿಂದ: ಇಂಥ ಬಿಳಿ ಓಕ್ ಮರದಿಂದ ಹೊರಟು ಇಷ್ಟು ಮಾರು ಪೂರ್ವಕ್ಕೆ, ಅಲ್ಲಿಂದ ಹಳ್ಳದವರೆಗೆ, ಹೀಗೆ. ಈ ಹೊಲದ ಎಲ್ಲೆಯ ಓಕ್ ಮರವನ್ನು 1805ರ ಅಳತೆಯಲ್ಲೇ ಬರೆದಿದ್ದರು. ಅದು ಗಟ್ಟಿ ಜೀವ, 1976ರವರೆಗೂ ಬದುಕಿತ್ತು. ಮರ ನಿಂತಿತು, ಹಕ್ಕು ನಿಲ್ಲಲಿಲ್ಲ. ಹಿಂದಿನವರು ಕೊಡದೆ ಉಳಿಸಿದ್ದ ಹಳೆಯ ಬಾಕಿಯೊಂದು ಕೋರ್ಟು ಹತ್ತಿ, ಹೊಲ ಕೈಬಿಟ್ಟಿತು. ಆಮೇಲೆ ಇದ್ದ ನಾಬ್ ಕ್ರೀಕ್ ಜಾಗದಿಂದಲೂ ಎಬ್ಬಿಸಲು ದಾವೆ ಬಿತ್ತು. 1816ರ ಡಿಸೆಂಬರಿನಲ್ಲಿ ಸಂಸಾರ ಗಂಟುಮೂಟೆ ಕಟ್ಟಿಕೊಂಡು ಇಂಡಿಯಾನಾಕ್ಕೆ ಹೊರಟಿತು. ಗುಲಾಮಗಿರಿ ಒಂದು ಕಾರಣ, ಮುಖ್ಯ ಕಾರಣ ಜಮೀನಿನ ಹಕ್ಕಿನ ರಗಳೆ ಎಂದು ಅಬ್ರಹಾಂ 1860ರಲ್ಲಿ ತನ್ನ ಬಗ್ಗೆ ತಾನೇ ಬರೆದ.

ಓಹಿಯೋ ನದಿಯ ಉತ್ತರಕ್ಕೆ, ಇಂಡಿಯಾನಾ, ಇಲಿನಾಯ್ ಕಡೆ, ಲೆಕ್ಕವೇ ಬೇರೆ. 1785ರ ಕಾಯಿದೆಯಿಂದ ಅಲ್ಲಿನ ನೆಲವನ್ನು ಸರಪಳಿ ಹಿಡಿದು ಆರು ಮೈಲಿ ಚೌಕಗಳಾಗಿ ಅಳೆದಿದ್ದರು. ಒಂದು ಚೌಕಕ್ಕೆ 36 ಸೆಕ್ಷನ್, ಒಂದು ಸೆಕ್ಷನ್ನಿಗೆ 640 ಎಕರೆ. ಅದರ ಕಾಲುಭಾಗದಲ್ಲಿ ಮತ್ತೆ ಕಾಲುಭಾಗ ಮಾಡಿದರೆ 40. ಸರ್ಕಾರ ಎಕರೆಗೆ ಒಂದೂಕಾಲು ಡಾಲರಿನಂತೆ ಇಷ್ಟು ಸಣ್ಣ ತುಂಡನ್ನೂ ಮಾರಬಹುದೆಂದು 1832ರಲ್ಲಿ ಕಾನೂನಾಯಿತು. ಅಂದರೆ ಐವತ್ತು ಡಾಲರಿಗೆ ಒಬ್ಬ ಬಡವ ಜಮೀನುದಾರ. ಮಾತಿನಲ್ಲಿ ಅದು ಬರೀ ‘ಫಾರ್ಟಿ’. ಮಗ ಅಪ್ಪನಿಗೆ ಕೊಟ್ಟದ್ದು ಸರ್ಕಾರಿ ದರದ ನಾಲ್ಕು ಪಟ್ಟು.

ಪತ್ರದ ಜೀವವೆಲ್ಲ ಒಂದು ಷರತ್ತಿನಲ್ಲಿತ್ತು. ಹೊಲ ಮಗನದು, ಆದರೆ ಥಾಮಸ್ ಮತ್ತು ಆತನ ಹೆಂಡತಿ ಸಾರಾ ಬದುಕಿರುವ ತನಕ ಅದರ ಅನುಭೋಗ ಅವರದೇ. ಸಾರಾ ಅಬ್ರಹಾಮನ ಮಲತಾಯಿ. ತಾಯಿಯಿಲ್ಲದ ಮಕ್ಕಳಿದ್ದ ಮನೆಗೆ 1819ರಲ್ಲಿ ತನ್ನ ಮೂರು ಮಕ್ಕಳ ಜೊತೆ ಬಂದವಳು. ಆ ಮೂವರಲ್ಲಿ ಜಾನ್ ಜಾನ್‌ಸ್ಟನ್ ಒಬ್ಬ. ಅಬ್ರಹಾಂ ಅವನಿಗೂ ಒಂದು ಮುಚ್ಚಳಿಕೆ ಬರೆದುಕೊಟ್ಟ: ಮುದುಕರಿಬ್ಬರೂ ತೀರಿಕೊಂಡ ಮೇಲೆ ಅದೇ 200 ಡಾಲರ್ ಕೊಟ್ಟು ಹೊಲ ನೀನು ತಗೊ. ಬಡ್ಡಿ ಬೇಡ.

ಮನೆಯವರ ನಡುವೆ ಇಂಥ ಕಾಗದದ ಏರ್ಪಾಡು ಆಗಿನ ಅಮೆರಿಕದಲ್ಲಿ ಹೊಸದೇನಲ್ಲ. ನ್ಯೂ ಇಂಗ್ಲೆಂಡಿನ ಹಳ್ಳಿಗಳಲ್ಲಿ ವಯಸ್ಸಾದ ತಂದೆ ಮಗನಿಗೆ ಹೊಲ ಬರೆದುಕೊಟ್ಟು, ಅದೇ ಹೊಲವನ್ನು ತನ್ನ ಅನ್ನವಸ್ತ್ರಕ್ಕೆ ಅಡಮಾನ ಮಾಡಿಸಿಕೊಳ್ಳುತ್ತಿದ್ದ. ಇಂತಿಷ್ಟು ಮೆಕ್ಕೆಜೋಳ, ಒಲೆಗೆ ಸೀಳಿದ ಸೌದೆ, ಒಂದು ಹಸು, ಇರಲು ಒಂದು ಕೋಣೆ, ಚರ್ಚಿಗೆ ಹೋಗಲು ಕುದುರೆ, ಎಲ್ಲವೂ ಕಾಗದದಲ್ಲಿ. ಹೆತ್ತ ಮಗನ ಮೇಲೆ ಅಷ್ಟು ನಂಬಿಕೆ! ದಕ್ಷಿಣದ ರಾಜ್ಯಗಳಲ್ಲಿ ಇನ್ನೊಂದು ಬಗೆಯ ಕಾಗದ: ಸಾಲಕ್ಕೆ ಆಧಾರವಾಗಿ ‘ಡೀಡ್ ಆಫ್ ಟ್ರಸ್ಟ್’ ಬರೆಯುತ್ತಿದ್ದರು. ಸೊತ್ತು ಮೂರನೆಯವನೊಬ್ಬನ ಹೆಸರಿಗೆ. ಸಾಲ ತೀರದಿದ್ದರೆ ಕೋರ್ಟಿನ ಬಾಗಿಲಲ್ಲಿ ಹರಾಜು. ಆ ಪತ್ರಗಳ ಸೊತ್ತಿನ ಪಟ್ಟಿಗಳಲ್ಲಿ ಗರಿಹಾಸಿಗೆ, ನೇಗಿಲು, ಹಸುವಿನ ಸಾಲಿನಲ್ಲೇ ಗುಲಾಮರ ಹೆಸರು, ವಯಸ್ಸು ಬರುತ್ತದೆ. ಯಾರದೋ ಬಾವನ ಸಾಲಕ್ಕೆ ಹತ್ತು ವರ್ಷದ ಗುಲಾಮ ಹುಡುಗಿ ಒತ್ತೆ. ಓದುತ್ತಾ ಕೈ ನಿಲ್ಲುವುದು ಅಲ್ಲಿ.

ಹೊಲ ಮಾರಿದ ಮೇಲೂ ಥಾಮಸನಿಗೆ ಸಾಲದ ಕಾಟ ತಪ್ಪಲಿಲ್ಲ. 1848ರಲ್ಲಿ, ಮಗ ವಾಷಿಂಗ್ಟನ್ನಿನಲ್ಲಿ ಕಾಂಗ್ರೆಸ್ ಸದಸ್ಯನಾಗಿದ್ದಾಗ, ಜಮೀನು ಹರಾಜಾಗದಂತೆ ಉಳಿಸಲು ಇಪ್ಪತ್ತು ಡಾಲರ್ ಬೇಕೆಂದು ಕಾಗದ ಬಂತು. ಮಗ ಡಿಸೆಂಬರ್ 24ರಂದು ಹಣ ಕಳಿಸಿದ. ಜೊತೆಗೆ ವಕೀಲನ ಪಾಟೀಸವಾಲು: ಕೋರ್ಟಿನ ತೀರ್ಪನ್ನು ನೀವು ಮರೆತದ್ದು ವಿಚಿತ್ರ, ಗೆದ್ದವನು ಇಷ್ಟು ಕಾಲ ಸುಮ್ಮನಿದ್ದದ್ದು ಇನ್ನೂ ವಿಚಿತ್ರ; ಮೊದಲೇ ತೀರಿಸಿದ್ದೀರೋ ಏನೋ, ನೋಡಿ ಕೊಡಿ ಎಂಬ ಧಾಟಿಯಲ್ಲಿ.

1851ರ ಜನವರಿಯಲ್ಲಿ ಥಾಮಸ್ ತೀರಿಕೊಂಡ. ಮಗ ಅಂತ್ಯಕ್ರಿಯೆಗೆ ಹೋಗಲಿಲ್ಲ. ಆ ನಲವತ್ತಲ್ಲದೆ ಅಪ್ಪ ಬಿಟ್ಟುಹೋದ ಉಳಿದ ಎಂಬತ್ತು ಎಕರೆಯಲ್ಲಿ ತನ್ನ ಪಾಲನ್ನು ಅದೇ ವರ್ಷ ಒಂದು ಡಾಲರಿಗೆ ಜಾನ್‌ಸ್ಟನ್ನನಿಗೆ ಬಿಟ್ಟುಕೊಟ್ಟ. ಅದರಲ್ಲಿ ವಿಧವೆಗೆ ಮೂರನೇ ಒಂದು ಭಾಗದ ಮೇಲೆ ಜೀವಮಾನದ ಹಕ್ಕಿತ್ತು. ಅದನ್ನೂ ಜಾನ್‌ಸ್ಟನ್ ಬೇಗನೆ ಅವ್ವನ ಕೈಯಿಂದ ಬಿಡಿಸಿಕೊಂಡ. ಅವನಿಗೆ ಮಿಸೌರಿಗೆ ಹೋಗುವ ಗುಂಗು ಹಿಡಿದಿತ್ತು. ಈಗ ಕಣ್ಣು ಆ ನಲವತ್ತರ ಮೇಲೆ ಬಿತ್ತು: 300 ಡಾಲರಿಗೆ ಮಾರೋಣ, ನೂರು ನನಗಿರಲಿ, ಇನ್ನೂರನ್ನು ನೂರಕ್ಕೆ ಎಂಟರ ಬಡ್ಡಿಗೆ ಹಾಕಿ ಅವ್ವನಿಗೆ ಕೊಡೋಣ.

ಲಿಂಕನ್ ನವೆಂಬರ್ 25ರಂದು ಬರೆದ ಉತ್ತರದಲ್ಲಿ ಗಣಿತವೇ ಬೈಗುಳ. ಎಂಟರಂತೆ ಇನ್ನೂರಕ್ಕೆ ವರ್ಷಕ್ಕೆ ಹದಿನಾರು ಡಾಲರ್. ಆಹಾ, ಎಂಥ ದೊಡ್ಡ ಮೊತ್ತ ಎಂದು ಕುಟುಕಿದ. ಆ ಹೊಲದಿಂದ ವರ್ಷಕ್ಕೆ ಕಡಿಮೆಯೆಂದರೂ ಮೂವತ್ತು ಹುಟ್ಟುತ್ತದೆ, ಯಾರ ಮುಲಾಜಿಗೂ ಅವ್ವನನ್ನು ಹದಿನಾರಕ್ಕೆ ಇಳಿಸಲು ನಾನು ಒಪ್ಪುವವನಲ್ಲ ಎಂದ. ತನಗೆ ಬರಬೇಕಾದ್ದರ ಬಗ್ಗೆ ತಕರಾರಿಲ್ಲ. ಹೊಲ ನಿನಗೆ ಸಿಗುವುದು ನಿಜ, ಆದರೆ ಅವ್ವ ತೀರಿಕೊಂಡ ಮೇಲೆ. ಹೆತ್ತ ಮಗನಿಂದ ತಾಯಿಯನ್ನು ಕಾಯಲು ಮಲಮಗ ಹತ್ತು ವರ್ಷ ಹಿಂದಿನ ಕಾಗದ ತೆರೆದು ಕೂತಿದ್ದ.

ಸಾರಾ ನಲವತ್ತು ಎಕರೆ ಬಿಡಲಿಲ್ಲ. ಜಾನ್‌ಸ್ಟನ್ 1854ರಲ್ಲಿ ಸತ್ತ. ಅಬ್ರಹಾಂ 1865ರಲ್ಲಿ ಗುಂಡಿಗೆ ಬಲಿಯಾದ. ಹೊಲ ಮಾರಿದವನು, ಕೊಂಡವನು, ಮುಂದೆ ಕೊಳ್ಳಬೇಕಾದವನು ಮೂವರೂ ಹೋದ ಮೇಲೂ ಆಕೆ ಇದ್ದಳು, 1869ರವರೆಗೆ.