ಮೋಟಾರಿಗೆ ವೇಗ ಹೇಳುವ ತಂತಿ

ಎಲೆಕ್ಟ್ರಿಕ್ ಸ್ಕೂಟರಿನ ಆಕ್ಸಿಲರೇಟರ್ ಹಿಡಿಯಿಂದ ಸಾಮಾನ್ಯವಾಗಿ ಮೂರು ತೆಳು ತಂತಿಗಳು ಹೊರಡುತ್ತವೆ. ಕೆಂಪು ತಂತಿಯಲ್ಲಿ 5 ವೋಲ್ಟ್ ಬರುತ್ತದೆ, ಕಪ್ಪು ಗ್ರೌಂಡ್, ಮೂರನೆಯದು ಸಿಗ್ನಲ್. ಹಿಂದಿನ ಚಕ್ರ ನೆಲ ಬಿಟ್ಟಿರುವಂತೆ ಸ್ಟ್ಯಾಂಡ್ ಹಾಕಿ, ಕೀ ಆನ್ ಮಾಡಿ, ಕಪ್ಪಿಗೂ ಸಿಗ್ನಲ್ಲಿಗೂ ಮಲ್ಟಿಮೀಟರ್ ಹಿಡಿದರೆ ಒಂದು ಸೋಜಿಗ ಕಾಣುತ್ತದೆ. ಹಿಡಿಯನ್ನು ಯಾರೂ ಮುಟ್ಟಿಲ್ಲ, ಚಕ್ರ ನಿಂತಿದೆ, ಆದರೂ ಮೀಟರು ಸೊನ್ನೆ ತೋರಿಸುವುದಿಲ್ಲ. ಸುಮಾರು 0.8 ವೋಲ್ಟ್ ತೋರಿಸುತ್ತದೆ. ಹಿಡಿಯನ್ನು ಪೂರ್ತಿ ತಿರುಗಿಸಿದರೂ 5 ಮುಟ್ಟುವುದಿಲ್ಲ; 4.2ರ ಆಸುಪಾಸಿನಲ್ಲೇ ನಿಂತುಬಿಡುತ್ತದೆ.

ಮೇಲೂ ಕೆಳಗೂ ಹೀಗೆ ಖಾಲಿ ಬಿಟ್ಟ ಜಾಗ ಸವಾರನ ಜೀವ ಉಳಿಸುವ ಜಾಗ. ಅದು ಹೇಗೆಂದು ತಿಳಿಯಲು ಆ ತಂತಿಯ ಮಾತು ಕೊನೆಗೆ ತಲುಪುವ ಮೋಟಾರನ್ನು ಮೊದಲು ನೋಡಬೇಕು.

ಮಿಕ್ಸಿಯ ಮೋಟಾರಿನಲ್ಲಿ ಸವೆದು ಕಿಡಿ ಹಾರಿಸುವ ಕಾರ್ಬನ್ ಬ್ರಷ್‌ಗಳನ್ನು ನೋಡಿರುತ್ತೀರಿ. ಸ್ಕೂಟರಿನ ಬ್ರಷ್‌ಲೆಸ್ ಡಿಸಿ ಮೋಟಾರಿನಲ್ಲಿ, ಎಂದರೆ ಬಿಎಲ್‌ಡಿಸಿಯಲ್ಲಿ, ಅವು ಇಲ್ಲ. ತಿರುಗುವ ಭಾಗದಲ್ಲಿ ಶಾಶ್ವತ ಕಾಂತಗಳಿವೆ, ಕದಲದ ಭಾಗದಲ್ಲಿ ಮೂರು ಗುಂಪು ಸುರುಳಿಗಳಿವೆ. ಯಾವ ಕ್ಷಣಕ್ಕೆ ಯಾವ ಸುರುಳಿಗೆ ಕರೆಂಟ್ ಕೊಡಬೇಕೆಂಬುದನ್ನು ಟ್ರಾನ್ಸಿಸ್ಟರುಗಳ ಒಂದು ಪೆಟ್ಟಿಗೆ ನಿರ್ಧರಿಸುತ್ತದೆ. ಅದೇ ಡ್ರೈವ್, ಗ್ಯಾರೇಜಿನವರ ಬಾಯಲ್ಲಿ ಕಂಟ್ರೋಲರ್. ಇಂಥ ಮೋಟಾರಿನ ಬಗ್ಗೆ ಅಮೆರಿಕದ ವಿಲ್ಸನ್ ಮತ್ತು ಟ್ರಿಕಿ ಎಂಬ ಇಬ್ಬರು 1962ರಲ್ಲೇ ಪ್ರಬಂಧ ಮಂಡಿಸಿದ್ದರು. ಕಾಂತಗಳು ಈಗ ಎಲ್ಲಿವೆ ಎಂದು ಕಂಟ್ರೋಲರಿಗೆ ತಿಳಿಸುವುದು ಮೂರು ಪುಟ್ಟ ಹಾಲ್ ಸೆನ್ಸರುಗಳು. 1879ರಲ್ಲಿ ಎಡ್ವಿನ್ ಹಾಲ್ ಕಂಡುಹಿಡಿದ ಪರಿಣಾಮವೇ ಅವುಗಳಿಗೆ ಆಧಾರ. ಆಕ್ಸಿಲರೇಟರ್ ಹಿಡಿಯೊಳಗೆ ಕೂತಿರುವುದೂ ಅದೇ ಜಾತಿಯ ಸೆನ್ಸರ್. ಹಿಡಿ ತಿರುಗಿದಂತೆ ಒಳಗಿನ ಸಣ್ಣ ಕಾಂತ ಸರಿಯುತ್ತದೆ, ವೋಲ್ಟೇಜ್ ಏರುತ್ತದೆ. ಉಜ್ಜುವ ಭಾಗವಿಲ್ಲದ್ದರಿಂದ ಸವೆತವೂ ಇಲ್ಲ.

ಎಷ್ಟು ವೇಗ ಬೇಕೆಂದು ಡ್ರೈವಿಗೆ ಹೀಗೆ ಹೊರಗಿನಿಂದ ಹೇಳುವ ಸಂಕೇತವನ್ನು ಎಂಜಿನಿಯರುಗಳು ಸ್ಪೀಡ್ ರೆಫರೆನ್ಸ್ ಎನ್ನುತ್ತಾರೆ. ಅದರ ಬೆಲೆ ಏನೆಂದು ತಿಳಿಯಲು ಮನೆಯ ಫ್ಯಾನ್ ಸಾಕು. ಹಳೆಯ ಸೀಲಿಂಗ್ ಫ್ಯಾನಿಗೆ ಗುರಿ ಎಂಬುದೇ ಇಲ್ಲ; ಸಂಜೆ ವೋಲ್ಟೇಜ್ ಇಳಿದರೆ ಅದೂ ನಿಧಾನವಾಗುತ್ತದೆ. ಬಿಎಲ್‌ಡಿಸಿ ಫ್ಯಾನಿನ ರಿಮೋಟಿನಲ್ಲಿ ನೀವು 3 ಒತ್ತಿದರೆ ಒಳಗಿನ ಚಿಪ್ಪಿಗೆ ಇಷ್ಟು ಆರ್‌ಪಿಎಂ ಎಂಬ ಗುರಿ ಸಿಗುತ್ತದೆ. ಅದು ನಿಜವಾದ ವೇಗವನ್ನು ಗುರಿಯೊಡನೆ ಹೋಲಿಸಿ, ಕಡಿಮೆಯಾದರೆ ಕರೆಂಟ್ ಹೆಚ್ಚಿಸಿ, ಹೆಚ್ಚಾದರೆ ತಗ್ಗಿಸಿ ಸರಿದೂಗಿಸುತ್ತಲೇ ಇರುತ್ತದೆ. ಆದ್ದರಿಂದಲೇ ವೋಲ್ಟೇಜ್ ಸಾಕಷ್ಟು ಕುಸಿದರೂ ಗಾಳಿ ಕುಸಿಯುವುದಿಲ್ಲ. ಅಂದಹಾಗೆ, ಈ ಫ್ಯಾನಿಗೆ ಗೋಡೆಯ ಹಳೇ ರೆಗ್ಯುಲೇಟರಿನ ಮೂಲಕ ವಿದ್ಯುತ್ ಕೊಡಬಾರದು. ಅಲ್ಲಿ ಬದಲಾಗುವುದು ಗುರಿಯಲ್ಲ, ಫ್ಯಾನಿನ ಒಳಗಿನ ಸರ್ಕ್ಯೂಟಿಗೆ ಸಿಗುವ ವಿದ್ಯುತ್ತು, ಸರ್ಕ್ಯೂಟ್ ಕೆಟ್ಟೀತು.

ಈಗ 0.8 ವೋಲ್ಟಿನ ವಿಷಯಕ್ಕೆ ಬರೋಣ. ನಿಂತಿರುವುದಕ್ಕೆ 0 ವೋಲ್ಟ್, ಪೂರ್ಣ ವೇಗಕ್ಕೆ 5 ವೋಲ್ಟ್ ಎಂದು ಇಟ್ಟಿದ್ದರೆ ಲೆಕ್ಕ ಸುಲಭವಾಗುತ್ತಿತ್ತು. ಆದರೆ ಹ್ಯಾಂಡಲ್ ದಿನಕ್ಕೆ ನೂರಾರು ಸಲ ತಿರುಗುತ್ತದೆ. ಅದರೊಂದಿಗೆ ತಂತಿಯೂ ಮಡಚಿ ಬಿಚ್ಚಿ ಎಂದಾದರೊಂದು ದಿನ ಒಳಗೇ ತುಂಡಾಗುತ್ತದೆ. ತುಂಡಾದದ್ದು ಕೆಂಪು ತಂತಿಯಾದರೆ ಸೆನ್ಸರಿಗೆ ವಿದ್ಯುತ್ತಿಲ್ಲ, ಸಿಗ್ನಲ್ ಸೊನ್ನೆಗೆ ಬೀಳುತ್ತದೆ. ಸಿಗ್ನಲ್ ತಂತಿಯೇ ತುಂಡಾದರೂ, ಕಂಟ್ರೋಲರಿನೊಳಗೆ ಅದನ್ನು ಗ್ರೌಂಡಿಗೆ ಎಳೆದಿಡುವ ರೆಸಿಸ್ಟರ್ ಇದ್ದರೆ ಸೊನ್ನೆಯೇ. ಅಪಾಯ ಇರುವುದು ಕಪ್ಪು ತಂತಿಯಲ್ಲಿ. ಗ್ರೌಂಡ್ ಕಳಚಿದರೆ ಸೆನ್ಸರಿನ ಸಿಗ್ನಲ್ ಕೆಳಗೆ ಇಳಿಯುವ ದಾರಿ ಕಾಣದೆ 5 ವೋಲ್ಟಿನ ಕಡೆಗೆ ಏರಬಲ್ಲದು. ಮೇಲಿನ ಮಿತಿ ನೋಡದ ಕಂಟ್ರೋಲರಿಗೆ ಅದರ ಅರ್ಥ ಒಂದೇ: ಪೂರ್ತಿ ವೇಗ. ಸವಾರ ಹಿಡಿ ಬಿಟ್ಟಿದ್ದಾನೆ, ಗಾಡಿ ನುಗ್ಗುತ್ತಿದೆ.

0.8ರಿಂದ 4.2ರವರೆಗಿನದಷ್ಟೇ ಮಾತು ಎಂದು ಒಪ್ಪಂದವಾಗಿದ್ದರೆ ಇದು ತಪ್ಪುತ್ತದೆ. ಅದರ ಕೆಳಗಿನದೂ ಮೇಲಿನದೂ ದೋಷ ಎಂದು ಕಂಟ್ರೋಲರ್ ತಿಳಿದು ಮೋಟಾರಿನ ಕರೆಂಟ್ ಕಡಿದುಹಾಕುತ್ತದೆ. ಒಳ್ಳೆಯ ಕಂಟ್ರೋಲರ್ ಇನ್ನೊಂದನ್ನೂ ನೋಡುತ್ತದೆ. ಕೀ ತಿರುಗಿಸುವ ಹೊತ್ತಿಗೇ ಹಿಡಿ ತಿರುಗಿದ್ದರೆ ಅದು ಹೊರಡುವುದಿಲ್ಲ. ಹಿಡಿ ಒಮ್ಮೆ ಸೊನ್ನೆ ವೇಗದ ಜಾಗಕ್ಕೆ ಮರಳಿದ ಮೇಲಷ್ಟೇ ಮಾತು ಕೇಳುತ್ತದೆ. ಬ್ರೇಕ್ ಹಿಡಿದರೆ ಅಲ್ಲಿನ ಸ್ವಿಚ್ ಆಕ್ಸಿಲರೇಟರಿನ ಮಾತನ್ನು ರದ್ದು ಮಾಡುತ್ತದೆ.

ಕಾರ್ಖಾನೆಗಳಲ್ಲಿ ಇದೇ ಬುದ್ಧಿ ಬಹಳ ಕಾಲದಿಂದ ಇದೆ. ಅಲ್ಲಿ ಅನೇಕ ಡ್ರೈವುಗಳಿಗೆ ವೇಗ ಹೇಳುವುದು 4ರಿಂದ 20 ಮಿಲಿಆಂಪಿಯರ್ ಕರೆಂಟಿನ ಮೂಲಕ. ಸೊನ್ನೆ ವೇಗಕ್ಕೂ 4 ಮಿಲಿಆಂಪಿಯರ್ ಹರಿಯಲೇಬೇಕು. ಏನೂ ಹರಿಯದಿದ್ದರೆ ತಂತಿ ಹೋಗಿದೆ ಎಂದೇ ಅರ್ಥ. ತಂತಿ ಉದ್ದವಾದಂತೆ ವೋಲ್ಟೇಜ್ ಸೋರಿಹೋಗುತ್ತದೆ, ಕರೆಂಟ್ ಹಾಗಲ್ಲ. ದೂರದ ಪಂಪಿಗೆ ಇದೇ ನಂಬಿಕೆಯ ದಾರಿ.

ಆದರೆ ತಂತಿ ತುಂಡಾದಾಗ ನಿಲ್ಲುವುದೇ ಎಲ್ಲೆಡೆ ಕ್ಷೇಮವಲ್ಲ. ಕಂಪ್ಯೂಟರಿನ ಪ್ರೊಸೆಸರ್ ತಣಿಸುವ ನಾಲ್ಕು ತಂತಿಯ ಪುಟ್ಟ ಫ್ಯಾನೂ ಬಿಎಲ್‌ಡಿಸಿಯೇ. ಅದಕ್ಕೆ ವೇಗ ಹೇಳುವುದು ಸೆಕೆಂಡಿಗೆ 25,000 ಸಲ ಆನ್-ಆಫ್ ಆಗುವ ಸಿಗ್ನಲ್; ಪ್ರತಿ ಸಲ ಎಷ್ಟು ಪಾಲು ಹೊತ್ತು ಆನ್ ಇದೆ ಎಂಬುದೇ ವೇಗದ ಲೆಕ್ಕ. ಆ ತಂತಿಯನ್ನು ಕಿತ್ತರೆ ಫ್ಯಾನ್ ಪೂರ್ಣ ವೇಗದಲ್ಲಿ ತಿರುಗತೊಡಗುತ್ತದೆ. ಅಪ್ಪಣೆ ಸಿಗದಿದ್ದರೆ ಪ್ರೊಸೆಸರ್ ಸುಡದಂತೆ ಕಾಯುವುದೇ ಅದರ ಕೆಲಸ.

ಡ್ರೋನಿನ ಮೋಟಾರುಗಳಿಗೆ ಹಳೆಯ ಪದ್ಧತಿಯಲ್ಲಿ ವೇಗ ಹೇಳುವುದು ಸಮಯದ ಅಳತೆಯಲ್ಲಿ: 1 ಮಿಲಿಸೆಕೆಂಡಿನ ತುಡಿತ ಎಂದರೆ ನಿಲ್ಲು, 2 ಮಿಲಿಸೆಕೆಂಡ್ ಎಂದರೆ ಪೂರ್ತಿ. ಇಲ್ಲೂ ನಿಲ್ಲು ಎನ್ನಲು ಒಂದು ತುಡಿತ ಬೇಕೇ ಬೇಕು. ತುಡಿತ ಕಳಿಸುವ ಮತ್ತು ಅಳೆಯುವ ಎರಡೂ ಕಡೆಯ ಗಡಿಯಾರಗಳು ಒಂದಕ್ಕೊಂದು ಪೂರ್ತಿ ಹೊಂದದ್ದರಿಂದ ಕ್ಯಾಲಿಬ್ರೇಷನ್ ಮಾಡಬೇಕಾಗುತ್ತದೆ. ಹೊಸ ಡಿಶಾಟ್ ಪದ್ಧತಿ ಅಂಕಿಯನ್ನೇ ಕಳಿಸುತ್ತದೆ: 16 ಬಿಟ್‌ಗಳಲ್ಲಿ 11 ವೇಗಕ್ಕೆ, ಕೊನೆಯ 4 ತಪ್ಪು ಹಿಡಿಯುವುದಕ್ಕೆ. ಲೆಕ್ಕ ತಾಳೆಯಾಗದ ಸಂದೇಶವನ್ನು ಡ್ರೈವ್ ಎಸೆದುಬಿಡುತ್ತದೆ.

ಇಷ್ಟು ಎಚ್ಚರದಿಂದ ಬಂದ ಅಪ್ಪಣೆಯನ್ನೂ ಡ್ರೈವ್ ಬಂದ ಹಾಗೇ ಪಾಲಿಸಬಾರದು. ನಿಂತ ಮೋಟಾರಿನಲ್ಲಿ ಬ್ಯಾಟರಿಗೆ ಎದುರಾಗಿ ಹುಟ್ಟುವ ವೋಲ್ಟೇಜ್ ಇರುವುದಿಲ್ಲ, ಕರೆಂಟನ್ನು ತಡೆಯುವುದು ಸುರುಳಿಯ ರೋಧವೊಂದೇ. 48 ವೋಲ್ಟಿನ ಬ್ಯಾಟರಿಗೆ ಒಟ್ಟು 0.1 ಓಮ್ ರೋಧ ಸಿಕ್ಕರೆ ಲೆಕ್ಕಕ್ಕೆ 480 ಆಂಪಿಯರ್! ಟ್ರಾನ್ಸಿಸ್ಟರು ಉಳಿಯುವುದಿಲ್ಲ. ಆದ್ದರಿಂದ ಕರೆಂಟಿಗೊಂದು ಮಿತಿ, ಗುರಿವೇಗಕ್ಕೊಂದು ಇಳಿಜಾರು. ಎಂದರೆ, ನೀವು ಹಿಡಿಯನ್ನು ಥಟ್ಟನೆ ತಿರುಗಿಸಿದರೂ ಒಳಗೆ ಗುರಿ ಮೆಲ್ಲಗೆ ಏರುತ್ತದೆ. ಇಳಿಸುವಾಗಲೂ ಹೀಗೆಯೇ. ಗುರಿಯನ್ನು ಸರಕ್ಕನೆ ತಗ್ಗಿಸಿ ಡ್ರೈವ್ ಮೋಟಾರನ್ನು ಹಿಡಿದು ನಿಧಾನಿಸಿದರೆ, ಮೋಟಾರು ಜನರೇಟರಾಗಿ ವಿದ್ಯುತ್ತನ್ನು ಹಿಂದಕ್ಕೆ ದೂಡುತ್ತದೆ. ಬ್ಯಾಟರಿಯಾದರೆ ನುಂಗಿಕೊಳ್ಳುತ್ತದೆ, ಲ್ಯಾಬಿನ ಮೇಜಿನ ಮೇಲಿನ ಪವರ್ ಸಪ್ಲೈ ನುಂಗಲಾರದೆ ವೋಲ್ಟೇಜ್ ಏರಿ ಡ್ರೈವ್ ಸುಟ್ಟೀತು.

ತೀರಾ ಕಡಿಮೆ ವೇಗ ಕೇಳುವುದೂ ಕಷ್ಟವೇ. ನಾಲ್ಕು ಜೋಡಿ ಧ್ರುವಗಳ ಮೋಟಾರಿನಲ್ಲಿ ಹಾಲ್ ಸೆನ್ಸರುಗಳು ಸುತ್ತಿಗೆ 24 ಸಲ ಸುದ್ದಿ ಕೊಡುತ್ತವೆ. ನಿಮಿಷಕ್ಕೆ 10 ಸುತ್ತು ಎಂದರೆ ಸೆಕೆಂಡಿಗೆ ನಾಲ್ಕೇ ಸುದ್ದಿ. ನಡುವಿನ ಕಾಲು ಸೆಕೆಂಡ್ ಕಂಟ್ರೋಲರ್ ಕುರುಡು. ಮೋಟಾರು ಜಗ್ಗಿ ಜಗ್ಗಿ ತಿರುಗುತ್ತದೆ. ಹಾಗಾಗಿ ಕೆಳಗೂ ಒಂದು ಮಿತಿ ಇಡುತ್ತಾರೆ.

ಮೇಲಿನ ಮಿತಿಗೆ ಕಾನೂನಿನ ಬಲವೂ ಇದೆ. ನಮ್ಮ ದೇಶದಲ್ಲಿ ನೋಂದಣಿ, ಲೈಸೆನ್ಸ್ ಬೇಡದ ಎಲೆಕ್ಟ್ರಿಕ್ ದ್ವಿಚಕ್ರಗಳ ವೇಗ ಗಂಟೆಗೆ 25 ಕಿ.ಮೀ. ದಾಟಬಾರದು, ಮೋಟಾರು 250 ವ್ಯಾಟ್ ಮೀರಬಾರದು. ಬಹುತೇಕ ಸ್ಕೂಟರುಗಳಲ್ಲಿ ಹಿಡಿ ಕೇಳುವುದು ನೇರವಾಗಿ ವೇಗವನ್ನಲ್ಲ, ಎಳೆತದ ಬಲವನ್ನು. ಆದರೂ 25ರ ಗೆರೆ ಕಾಯುವುದು ಇದೇ ಕಂಟ್ರೋಲರ್. ಒಂದು ತಂತಿ ಬದಲಿಸಿ ಆ ಮಿತಿ ತೆಗೆಸುವವರಿದ್ದಾರೆ. ಅದು ತಪ್ಪು. ಆ ಗಾಡಿಯ ಬ್ರೇಕು, ಟೈರು ಅದೇ ವೇಗಕ್ಕೆ ಮಾಡಿದವು.

ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಪ್ರಾಜೆಕ್ಟಿಗೆಂದು ಬಿಎಲ್‌ಡಿಸಿ ಗಾಡಿ ಕಟ್ಟುವ ಹುಡುಗ ಹುಡುಗಿಯರು ಈಗ ಬಹಳ ಮಂದಿ. ಅವರಲ್ಲಿ ಒಂದು ಕೋರಿಕೆ: ಗಾಡಿಯನ್ನು ರಸ್ತೆಗಿಳಿಸುವ ಮೊದಲು ಚಕ್ರ ಎತ್ತಿ ನಿಲ್ಲಿಸಿ, ನಿಧಾನ ವೇಗದಲ್ಲಿ ಓಡುತ್ತಿರುವಾಗಲೇ ಆ ಮೂರು ತಂತಿಗಳನ್ನು ಒಂದೊಂದಾಗಿ ಕಿತ್ತು ನೋಡಿ. ಕಪ್ಪು ತಂತಿ ಕಿತ್ತಾಗ ಮೋಟಾರು ನಿಲ್ಲದಿದ್ದರೆ ಆ ಗಾಡಿಯ ಮೇಲೆ ಯಾರನ್ನೂ ಕೂರಿಸಬೇಡಿ.