ಇಮೇಲ್ ಸುತ್ತು ಹೊಡೆದು ವಾಪಸ್ ಬಂತಾ? ಆ ಬೌನ್ಸ್ ಮೆಸೇಜ್ ಡಿಲೀಟ್ ಮಾಡಬೇಡಿ

ಸರ್ಕಾರ ಒಂದು ಕರಡು ನಿಯಮ ಪ್ರಕಟಿಸುತ್ತೆ. ಆಕ್ಷೇಪಣೆ ಕಳಿಸೋಕೆ ಒಂದು ಇಮೇಲ್ ವಿಳಾಸ, ಒಂದು ಗಡುವು ಕೊಡುತ್ತೆ. 2020ರಲ್ಲಿ ಕೋವಿಡ್ ನಡುವೆ ಬಂದ ಇಐಎ, ಅಂದರೆ ಪರಿಸರ ಪರಿಣಾಮ ಅಂದಾಜಿನ ಕರಡು ಅಧಿಸೂಚನೆಗೆ ಜನ ಆಗಸ್ಟ್ 11ರ ಗಡುವಿನೊಳಗೆ ಲಕ್ಷಾಂತರ ಇಮೇಲ್ ಕಳಿಸಿದ್ದು ಹೀಗೆಯೇ. ಇಂಥ ಹೊತ್ತಲ್ಲಿ ನಿಮ್ಮ ಇಮೇಲ್ 'ಹಾಪ್ ಕೌಂಟ್ ಎಕ್ಸೀಡೆಡ್' ಅಥವಾ 'ಮೇಲ್ ಲೂಪ್' ಅಂತ ಹೇಳಿ ವಾಪಸ್ ಬಂದ್ರೆ? ವಿಳಾಸ ತಪ್ಪಿರಬೇಕು ಅಂದ್ಕೊಂಡು ಸುಮ್ಮನಾಗೋರೇ ಹೆಚ್ಚು. ಆದರೆ ಲೂಪ್ ಅಂದ್ರೆ ತಪ್ಪು ಬಹುತೇಕ ಆ ಕಡೆಯದು.

'ಇದು ನಮ್ಮದಲ್ಲ' ಅನ್ನೋ ಸರ್ವರ್

ನಿಮ್ಮ ಇಮೇಲ್ ಹೊರಟ ಕೂಡಲೇ ಕಳಿಸುವ ಸರ್ವರ್ ಡಿಎನ್‌ಎಸ್ ಹತ್ರ ಒಂದು ಪ್ರಶ್ನೆ ಕೇಳುತ್ತೆ: ಈ ಡೊಮೇನ್‌ನ ಅಂಚೆಯನ್ನು ಯಾರಿಗೆ ಕೊಡಲಿ? ಸಿಗುವ ಉತ್ತರವೇ ಎಂಎಕ್ಸ್ ರೆಕಾರ್ಡ್. ಅದು ತೋರಿಸಿದ ಸರ್ವರ್ 'ಹೌದು, ಈ ಡೊಮೇನ್ ನನ್ನದು' ಅಂತ ಒಪ್ಪಬೇಕು. ಅದರ ಸೆಟ್ಟಿಂಗ್‌ನಲ್ಲಿ ಡೊಮೇನ್ ಹೆಸರೇ ಇಲ್ಲದಿದ್ದರೆ ಅದೂ ಡಿಎನ್‌ಎಸ್ ಅನ್ನೇ ಕೇಳುತ್ತೆ. ಉತ್ತರವಾಗಿ ಬರೋದು ತನ್ನದೇ ಹೆಸರು! ಪೋಸ್ಟ್‌ಫಿಕ್ಸ್ ಬಳಸುವ ಸರ್ವರ್ ಆದರೆ 'ಲೂಪ್ಸ್ ಬ್ಯಾಕ್ ಟು ಮೈಸೆಲ್ಫ್' ಅಂತ ಅಲ್ಲೇ ನಿಲ್ಲಿಸಿಬಿಡುತ್ತೆ. ಪರಿಹಾರ ಸರಳ: ಡೊಮೇನ್ ಅನ್ನು ಆ ಸರ್ವರ್‌ನ ಪಟ್ಟಿಗೆ ಸೇರಿಸಬೇಕು, ಇಲ್ಲವೇ ಎಂಎಕ್ಸ್ ಅನ್ನು ಸರಿಯಾದ ಸರ್ವರ್‌ಗೆ ತಿರುಗಿಸಬೇಕು.

ಎರಡನೇ ಬಗೆ, ಹಳೆ ಸರ್ವರ್‌ನಿಂದ ಕ್ಲೌಡ್‌ಗೆ ಹೋಗುವಾಗ ಆಗೋದು. ಹಳೆಯದು ಪತ್ರವನ್ನು ಹೊಸದಕ್ಕೆ ದಾಟಿಸುತ್ತೆ. ಹೊಸದರಲ್ಲಿ ಆ ಹೆಸರಿನ ಮೇಲ್‌ಬಾಕ್ಸ್ ಇನ್ನೂ ತೆರೆದಿಲ್ಲ, ಹಾಗಾಗಿ ಅದು ಹಳೆಯದಕ್ಕೇ ಹಿಂದಿರುಗಿಸುತ್ತೆ. ಇಬ್ಬರು ಗುಮಾಸ್ತರು ಒಂದೇ ಫೈಲನ್ನು ಪರಸ್ಪರ ತಳ್ಳಿದಂತೆ. ಇಲ್ಲಿ ಅಂತಿಮ ಜವಾಬ್ದಾರಿ ಯಾರದು ಅನ್ನೋದನ್ನು ಒಂದು ಕಡೆ ಗಟ್ಟಿ ಮಾಡಲೇಬೇಕು: ಗೊತ್ತಿಲ್ಲದ ಹೆಸರು ಬಂದರೆ ಆ ಸರ್ವರ್ ದಾಟಿಸಬಾರದು, ತಿರಸ್ಕರಿಸಬೇಕು.

ಮೂರನೆಯದು ಸ್ಪ್ಯಾಮ್ ಫಿಲ್ಟರ್‌ನದ್ದು. ಎಂಎಕ್ಸ್ ಫಿಲ್ಟರ್ ಕಡೆ ತೋರಿಸುತ್ತಿರುತ್ತೆ. ಶೋಧಿಸಿದ ಮೇಲೆ ಫಿಲ್ಟರ್ ಮತ್ತೆ ಎಂಎಕ್ಸ್ ಕೇಳಿದರೆ ಪತ್ರ ಅದರ ಬಳಿಗೇ ಬರುತ್ತೆ. ಮುಂದಿನ ಸರ್ವರ್‌ನ ವಿಳಾಸವನ್ನು ಅದಕ್ಕೆ ನೇರವಾಗಿ ಹೇಳಿಡಬೇಕು.

ನೂರು ಸುತ್ತಿನ ಮಿತಿ

ಈ ಸಮಸ್ಯೆ ಹೊಸದಲ್ಲ. ಎಂಎಕ್ಸ್ ಬಳಸುವಾಗ ಲೂಪ್ ತಪ್ಪಿಸೋದು ಹೇಗೆ ಅಂತ 1986ರ ಆರ್‌ಎಫ್‌ಸಿ 974 ಆಗಲೇ ಹೇಳಿತ್ತು. ಪ್ರತಿ ಸರ್ವರ್ ಪತ್ರದ ಮೇಲೆ 'ರಿಸೀವ್ಡ್' ಅನ್ನೋ ಮುದ್ರೆ ಒತ್ತುತ್ತೆ. ಮುದ್ರೆಗಳು ಮಿತಿ ಮೀರಿದರೆ ಲೂಪ್ ಅಂತ ತೀರ್ಮಾನ. 2008ರ ಆರ್‌ಎಫ್‌ಸಿ 5321 ಪ್ರಕಾರ ಈ ಮಿತಿ ಸಾಮಾನ್ಯವಾಗಿ ಕನಿಷ್ಠ 100 ಇರಬೇಕು. ಪೋಸ್ಟ್‌ಫಿಕ್ಸ್ ಮಾತ್ರ ಬೇರೆ ಹೇಳದಿದ್ದರೆ 50ಕ್ಕೇ ನಿಲ್ಲಿಸುತ್ತೆ.

ಲೂಪ್ ಆದರೆ ಬೌನ್ಸ್ ಸಾಮಾನ್ಯವಾಗಿ ಬೇಗ ಬರುತ್ತೆ. ಆದರೆ ಡಿಎನ್‌ಎಸ್ ಉತ್ತರವೇ ಕೊಡದಿದ್ದರೆ ಪತ್ರ ಸರತಿಯಲ್ಲಿ ನಾಲ್ಕೈದು ದಿನ ಕಾಯಬಹುದು. ಗಡುವಿನ ಹಿಂದಿನ ರಾತ್ರಿ ಕಳಿಸಿದವರಿಗೆ ವಿಷಯ ಗೊತ್ತಾಗೋದು ಗಡುವು ಮುಗಿದ ಮೇಲೆ!

ನೀವೇನು ಮಾಡಬಹುದು

ಬೌನ್ಸ್ ಮೆಸೇಜ್ ತೆರೆದು ಎರರ್ ಕೋಡ್ ನೋಡಿ. 5.4.6 ಅಂದ್ರೆ ಲೂಪ್ ಪತ್ತೆಯಾಗಿದೆ ಅಂತ ಅರ್ಥ. ಹೆಡರ್‌ನಲ್ಲಿರುವ 'ರಿಸೀವ್ಡ್' ಸಾಲುಗಳನ್ನು ಕೆಳಗಿಂದ ಮೇಲಕ್ಕೆ ಓದಿ. ಅವೇ ಎರಡು ಹೆಸರು ಮತ್ತೆ ಮತ್ತೆ ಬಂದರೆ ಕೊಂಡಿ ಎಲ್ಲಿ ಕಳಚಿದೆ ಅಂತ ಗೊತ್ತಾಯ್ತು. ನಿಮ್ಮದೇ ಎರಡು ಖಾತೆಗಳು ಒಂದಕ್ಕೊಂದು ಫಾರ್ವರ್ಡ್ ಆಗ್ತಿಲ್ಲ ಅನ್ನೋದನ್ನೂ ಖಚಿತಪಡಿಸಿಕೊಳ್ಳಿ.

ಮಾಹಿತಿ ಹಕ್ಕು ಕಾಯ್ದೆಯ ಸೆಕ್ಷನ್ 6(3) ಪ್ರಕಾರ, ಅರ್ಜಿ ತನ್ನ ವ್ಯಾಪ್ತಿಗೆ ಬರದಿದ್ದರೆ ಕಚೇರಿ ಅದನ್ನು 5 ದಿನದೊಳಗೆ ಸಂಬಂಧಪಟ್ಟವರಿಗೆ ವರ್ಗಾಯಿಸಿ ಅರ್ಜಿದಾರರಿಗೆ ತಿಳಿಸಬೇಕು. ಆದರೆ ಇನ್‌ಬಾಕ್ಸ್‌ಗೇ ಬಾರದ ಪತ್ರಕ್ಕೆ ಕಚೇರಿಯಲ್ಲಿ ದಾಖಲೆಯೇ ಇರಲ್ಲ. ಇರೋದು ನಿಮ್ಮ ಹತ್ರ ಮಾತ್ರ. ದಿನಾಂಕ, ಸಮಯ, ಸರ್ವರ್ ಹೆಸರು ಎಲ್ಲಾ ಆ ಬೌನ್ಸ್‌ನಲ್ಲಿದೆ. ಅದನ್ನು ಪೂರ್ತಿ ಹೆಡರ್ ಸಮೇತ ಉಳಿಸಿ, ಪ್ರಿಂಟ್ ತೆಗೆದು, ಮೂಲ ಪತ್ರದ ಜೊತೆ ಗಡುವಿನೊಳಗೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ. ಸಾಧ್ಯವಾದರೆ ಗಡುವಿಗೆ ಒಂದು ವಾರ ಮೊದಲೇ ಇಮೇಲ್ ಮಾಡಿ.